‘ಕಾರಣ’ ಎಂಬ ಕಾಲಂ: ವ್ಯಸನಿಯ ಕಡತ ಬೆಳೆದು ಬಂದ ದಾರಿ

ಜಯನಗರದಿಂದ ಹೊಸೂರು ರಸ್ತೆಯ ಕಡೆಗೆ ಹೊರಟರೆ ನಿಮ್ಹಾನ್ಸ್‌ನ ಕಾಂಪೌಂಡು ಎದುರಾಗುತ್ತದೆ. ಅಲ್ಲಿಂದ ಆಚೆಗೆ ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಬನಶಂಕರಿಗಳ ಅಡ್ಡರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ, ನೋಡಲು ಪಕ್ಕದ ವಾಸದ ಮನೆಗಳಂತೆಯೇ ಇದ್ದು, ಬಾಗಿಲ ಬಳಿ ಮಾತ್ರ ‘ವ್ಯಸನಮುಕ್ತಿ ಕೇಂದ್ರ’ ಎಂಬ ಬೋರ್ಡು ಹೊತ್ತಿರುವುದನ್ನು ಓದುಗರು ಗಮನಿಸಿರಬಹುದು. ದೊಡ್ಡ ಆಸ್ಪತ್ರೆಯಾಗಲಿ, ಹತ್ತು ಮಂಚಗಳ ಸಣ್ಣ ಮನೆಯಾಗಲಿ, ಒಳಗೆ ಹೋದವನಿಗೆ ಮೊದಲು ಎದುರಾಗುವುದು ಮದ್ದಲ್ಲ, ಒಂದು ಹಾಳೆ. ಹೆಸರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು, ಕರೆತಂದವರು ಯಾರು, ಏನನ್ನು ಸೇವಿಸುತ್ತಾರೆ, ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಕೊನೆಯ ಬಾರಿ ಯಾವಾಗ. ಕೈ ನಡುಗುವವನಿಂದ ಕೊನೆಗೊಂದು ಸಹಿ.

ಈ ಹಾಳೆಗೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆ ಆರಂಭವಾಗುವುದು ವೈದ್ಯರ ಮೇಜಿನಿಂದಲ್ಲ, ಪೊಲೀಸ್ ಠಾಣೆಯಿಂದ ಎಂಬುದು ಹಲವರಿಗೆ ಆಶ್ಚರ್ಯವೆನಿಸೀತು.

1858ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಹುಚ್ಚಾಸ್ಪತ್ರೆಗಳ ಕಾಯ್ದೆ ಬಂತು. ಬೀದಿಯಲ್ಲಿ ಅಲೆಯುವ ಬುದ್ಧಿಭ್ರಮಣೆಯವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು, ಅವರು ಆಸ್ಪತ್ರೆಗೆ ಕಳಿಸುವುದು ಕ್ರಮ. ಮನುಷ್ಯನ ಜೊತೆಗೆ ಒಂದು ಕಾಗದವೂ ಬರುತ್ತಿತ್ತು. ಅದರಲ್ಲಿ ಊರು, ಜಾತಿ, ವಯಸ್ಸುಗಳ ಜೊತೆಗೆ ‘ಕಾರಣ’ ಎಂದೊಂದು ಕಾಲಂ. ಈತನಿಗೆ ಬುದ್ಧಿ ಕೆಡಲು ಕಾರಣವೇನು? ಬರೆಯಬೇಕಾದವನು ಠಾಣೆಯವನು. ಅಪರಿಚಿತ ಊರಿನ ಅಪರಿಚಿತ ಮನುಷ್ಯ, ಮಾತು ನೆಟ್ಟಗಿಲ್ಲ, ಬಂಧುಗಳಿಲ್ಲ. ಜೋಳಿಗೆಯಲ್ಲಿ ಚಿಲುಮೆಯಿದ್ದರೆ ‘ಗಾಂಜಾ’ ಎಂದು ಬರೆದರೆ ಕೆಲಸ ಮುಗಿಯಿತು. ಆಸ್ಪತ್ರೆಯಲ್ಲಿ ಅದೇ ಪದ ರಿಜಿಸ್ಟರಿಗೆ ನಕಲಾಗುತ್ತಿತ್ತು. ವರ್ಷದ ಕೊನೆಗೆ ರಿಜಿಸ್ಟರಿನ ಲೆಕ್ಕ ವಾರ್ಷಿಕ ವರದಿಯ ಕೋಷ್ಟಕವಾಗುತ್ತಿತ್ತು. ಕೋಷ್ಟಕ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನಲ್ಲಿ ಚರ್ಚೆಯಾಗುತ್ತಿತ್ತು: ಇಂಡಿಯಾದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆಯಂತೆ!

ಪಾನನಿರೋಧದ ಪರವಾಗಿದ್ದ ಸಂಸದ ಡಬ್ಲ್ಯು.ಎಸ್. ಕೇನ್ 1893ರಲ್ಲಿ ಕಾಮನ್ಸ್ ಸಭೆಯಲ್ಲಿ ಈ ಪ್ರಶ್ನೆ ಎತ್ತಿದರು. ಅದರ ಫಲವೇ ಅದೇ ವರ್ಷ ನೇಮಕವಾದ ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’. ಪಂಜಾಬಿನ ಹಿರಿಯ ಅಧಿಕಾರಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷರು. ಮೂವರು ಭಾರತೀಯರೂ ಸದಸ್ಯರಾಗಿದ್ದರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಅವರು ಕೊಟ್ಟ ವರದಿ ಸಂಪುಟಗಟ್ಟಲೆ ಇದೆ. ಗಾಂಜಾದ ಬಗ್ಗೆ ಅದು ಏನು ಹೇಳಿತೆಂಬುದನ್ನು ಇಂದಿಗೂ ಪರ ವಿರೋಧದವರಿಬ್ಬರೂ ತಮತಮಗೆ ಬೇಕಾದಂತೆ ಉದ್ಧರಿಸುತ್ತಾರೆ. ನಮಗಿಲ್ಲಿ ಮುಖ್ಯವಾದುದು ಬೇರೆ. ಆಯೋಗದವರು ಆಸ್ಪತ್ರೆಗಳ ಲೆಕ್ಕವನ್ನು ಹಾಗೆಯೇ ನಂಬಲಿಲ್ಲ. 1892ನೆಯ ಒಂದು ವರ್ಷವನ್ನು ಆಯ್ದುಕೊಂಡು, ರಿಜಿಸ್ಟರಿನಲ್ಲಿ ಗಾಂಜಾ, ಭಂಗಿ, ಚರಸ್ ಕಾರಣವೆಂದು ಬರೆದಿದ್ದ ಒಂದೊಂದು ಹೆಸರನ್ನೂ ಹಿಡಿದು, ಆ ರೋಗಿಯ ಊರಿಗೇ ಹೋಗಿ ವಿಚಾರಣೆ ಮಾಡಿಸಿದರು. ಈತ ಸೇದುತ್ತಿದ್ದುದು ನಿಜವೇ? ಹುಚ್ಚು ಮೊದಲೋ ಚಟ ಮೊದಲೋ? ಮನೆತನದಲ್ಲಿ ಮತ್ತಾರಿಗಾದರೂ ಇತ್ತೇ?

ಫಲಿತಾಂಶ ಸ್ವಾರಸ್ಯಕರವಾಗಿದೆ. ಆ ವರ್ಷ ಆಸ್ಪತ್ರೆ ಸೇರಿದ 1,344 ಮಂದಿಯಲ್ಲಿ 222 ಮಂದಿಯ ಎದುರು ಈ ಮಾದಕಗಳ ಹೆಸರಿತ್ತು. ವಿಚಾರಣೆಯ ಬಳಿಕ ಉಳಿದದ್ದು 98. ಅವುಗಳಲ್ಲೂ ಬೇರಾವ ಕಾರಣವೂ ಬೆರೆಯದವು 61 ಮಾತ್ರ. ಅರ್ಧಕ್ಕಿಂತ ಹೆಚ್ಚು ನಮೂದುಗಳು ಪರೀಕ್ಷೆಗೆ ನಿಲ್ಲಲಿಲ್ಲ. ಠಾಣೆಯಿಂದ ಬಂದ ಕಾಗದವನ್ನೇ ನಕಲು ಮಾಡಲಾಗುತ್ತಿತ್ತೆಂಬ ಸಂಗತಿ ವೈದ್ಯರ ಸಾಕ್ಷ್ಯದಿಂದಲೇ ಹೊರಬಿತ್ತು. ದಾಖಲೆಯೆಂದರೆ ಸತ್ಯವೆಂದು ನಂಬುವವರೆಲ್ಲ ಈ ಒಂದು ಅಧ್ಯಾಯವನ್ನು ಓದಬೇಕೆಂದು ನನಗನ್ನಿಸುತ್ತದೆ. ಸುಳ್ಳು ಬರೆಯಬೇಕೆಂದು ಅಲ್ಲಿ ಯಾರೂ ಹೊರಟಿರಲಿಲ್ಲ. ಖಾಲಿ ಬಿಡಲಾಗದ ಕಾಲಮ್ಮೊಂದಿತ್ತು, ಅಷ್ಟೆ.

1881ರಲ್ಲಿಯೇ ಒಡೆಯರಿಗೆ ಮರಳಿದ್ದ ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾದ ಈ ಲೆಕ್ಕದ ಹೊರಗಿತ್ತು. ಆದರೆ ಬೆಂಗಳೂರಿಗೆ ಅದಕ್ಕೂ ಹಳೆಯದಾದ ಆಸ್ಪತ್ರೆಯೊಂದಿತ್ತು. ನಿಮ್ಹಾನ್ಸ್ ತನ್ನ ಮೂಲವನ್ನು 1847ರ ಬೆಂಗಳೂರು ಹುಚ್ಚಾಸ್ಪತ್ರೆಯಿಂದ ಎಣಿಸುತ್ತದೆ. 1925ರಲ್ಲಿ ಸಂಸ್ಥಾನದ ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ, ಡಾ. ಫ್ರಾಂಕ್ ನರೋನ್ಹಾ ಅವರ ಮೇಲ್ವಿಚಾರಣೆಯಲ್ಲಿ, ಅದು ಪೇಟೆಯ ಗದ್ದಲ ಬಿಟ್ಟು ಹೊಸೂರು ರಸ್ತೆಯ ಲಕ್ಕಸಂದ್ರದ ಬಯಲಿಗೆ ಬಂತು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಂದರೆ ಈ ಬಡಾವಣೆಗಳಿಗಿಂತ ಆಸ್ಪತ್ರೆಯೇ ಹಿರಿಯ, ಊರು ಆಮೇಲೆ ಅದರ ಸುತ್ತ ಬೆಳೆಯಿತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಎಡ್ವರ್ಡ್ ಮ್ಯಾಪೋಥರ್ ಆ ದಶಕದ ಕೊನೆಯಲ್ಲಿ ಇಂಡಿಯಾದ ಆಸ್ಪತ್ರೆಗಳನ್ನು ನೋಡುತ್ತ ಬಂದು ಬಹುಪಾಲನ್ನು ಟೀಕಿಸಿದರೂ ಬೆಂಗಳೂರನ್ನು ಮೆಚ್ಚಿಕೊಂಡರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿಯೇ ಸ್ಥಾಪನೆಯಾಯಿತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಬೋಧನೆಯ ಆಸ್ಪತ್ರೆಯಾದ ಮೇಲೆ ದಾಖಲೆಯ ಸ್ವರೂಪವೇ ಬದಲಾಯಿತು. ರಿಜಿಸ್ಟರಿನ ಒಂದು ಸಾಲು ಹೋಗಿ ರೋಗಿಗೊಂದು ಕಡತ ಬಂತು. ವಿದ್ಯಾರ್ಥಿ ಬರೆದದ್ದನ್ನು ಗುರು ತಿದ್ದುತ್ತಾರೆ; ‘ಕಾರಣ’ ಎಂದು ಒಂದೇ ಪದ ಬರೆದರೆ ನಡೆಯದು. ಬಾಲ್ಯ, ಓದು, ಕೆಲಸ, ಮದುವೆ, ಸಾಲ, ಬಿದ್ದ ಪೆಟ್ಟು ಎಲ್ಲವನ್ನೂ ಕೇಳಬೇಕು. ಆದರೂ ಕುಡುಕನಿಗೆ ಬಹುಕಾಲ ತನ್ನದೇ ಜಾಗ ಇರಲಿಲ್ಲ. ಮಾನಸಿಕ ರೋಗಿಗಳ ನಡುವೆಯೇ ಅವನೂ ಒಬ್ಬ. ಮದ್ಯ ಮತ್ತು ಮಾದಕವಸ್ತುಗಳಿಗೆಂದೇ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಘಟಕ ತೆರೆದದ್ದು 1990ರ ದಶಕದ ಆರಂಭದಲ್ಲಿ. ಈಗ ಅದು ವ್ಯಸನ ವೈದ್ಯಕೀಯ ಕೇಂದ್ರ. ಮದರಾಸಿನಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಮಾದರಿ ಅಷ್ಟರಲ್ಲಾಗಲೇ ಹೆಸರಾಗಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಅನುದಾನವೂ 1980ರ ದಶಕದ ಮಧ್ಯಭಾಗದಿಂದ ಸಿಗತೊಡಗಿತ್ತು. ಅನುದಾನ ಬಂದಲ್ಲಿ ಲೆಕ್ಕ ಬರಲೇಬೇಕಲ್ಲ: ದಾಖಲಾತಿ ರಿಜಿಸ್ಟರು, ಹಾಜರಿ, ಆಪ್ತಸಲಹೆಯ ಟಿಪ್ಪಣಿ, ಔಷಧಿ ದಾಸ್ತಾನು, ಬಿಡುಗಡೆಯಾದ ಮೇಲಿನ ಭೇಟಿಗಳ ಪಟ್ಟಿ. ಇವುಗಳ ಬಗ್ಗೆ ಹೆಚ್ಚು ಹೇಳಿ ಓದುಗರನ್ನು ದಣಿಸುವುದಿಲ್ಲ.

ಆ ಕಡತದೊಳಗಿನ ಎರಡು ಪ್ರಶ್ನೆಗಳ ಬಗ್ಗೆ ಮಾತ್ರ ಹೇಳಲೇಬೇಕು.

ಮೊದಲನೆಯದು, ‘ಕೊನೆಯ ಬಾರಿ ಕುಡಿದದ್ದು ಯಾವಾಗ?’ ಕೇಳಲು ಸಾಧಾರಣ ಪ್ರಶ್ನೆ. ಆದರೆ ಜೀವ ನಿಂತಿರುವುದು ಇದರ ಮೇಲೆಯೇ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ತಟ್ಟನೆ ನಿಂತರೆ ಕೆಲವೇ ಗಂಟೆಗಳಲ್ಲಿ ನಡುಕ ಶುರು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ನಡುವೆ, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುವುದು ಕಂಡು, ಜ್ವರವೇರಿ, ಹಗಲು ರಾತ್ರಿಯ ಪ್ರಜ್ಞೆ ತಪ್ಪುವ ಸನ್ನಿ ಅಪರೂಪಕ್ಕೆ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಾಪಾಯ. ಕಡತದಲ್ಲಿ ‘ನಿನ್ನೆ ರಾತ್ರಿ ಒಂಬತ್ತಕ್ಕೆ’ ಎಂದು ಸರಿಯಾಗಿ ಬರೆದಿದ್ದರೆ, ಯಾವ ಪಾಳಿಯಲ್ಲಿ ಯಾವ ಹಾಸಿಗೆಯ ಮೇಲೆ ಕಣ್ಣಿಡಬೇಕೆಂದು ನರ್ಸಿಗೆ ಗೊತ್ತಾಗುತ್ತದೆ. ರೋಗಿ ನಾಚಿಕೆಯಿಂದ ‘ಬಿಟ್ಟು ವಾರವಾಯಿತು’ ಎಂದುಬಿಟ್ಟರೆ ಎಲ್ಲವೂ ತಪ್ಪುತ್ತದೆ. ಆದ್ದರಿಂದಲೇ ಉತ್ತರವನ್ನಷ್ಟೇ ನಂಬದೆ ನಡುಕ, ಬೆವರು, ವಾಕರಿಕೆ, ಕಳವಳ ಮುಂತಾದ ಹತ್ತು ಲಕ್ಷಣಗಳಿಗೆ ಅಂಕ ಹಾಕಿ ಗಂಟೆಗಂಟೆಗೂ ಬರೆಯುವ ಅಳತೆಯೊಂದಿದೆ. ಕೆನಡಾದ ಟೊರಾಂಟೋದಲ್ಲಿ ರೂಪುಗೊಂಡು 1989ರಲ್ಲಿ ಪರಿಷ್ಕೃತವಾದ ಈ ಪಟ್ಟಿಯ ಗರಿಷ್ಠ ಅಂಕ 67. ಇಲ್ಲಿ ಹೆಚ್ಚು ಅಂಕ ಬಂದವನೇ ಹೆಚ್ಚು ಅಪಾಯದಲ್ಲಿರುವವನು.

ಇದಕ್ಕೇ ಅಂಟಿಕೊಂಡ ಉಪಪ್ರಶ್ನೆ ‘ಎಷ್ಟು?’ ಎಂಬುದು. ಪುಸ್ತಕದಲ್ಲಿ ಗ್ರಾಂ ಲೆಕ್ಕ, ಜನರ ಬಾಯಲ್ಲಿ ಕ್ವಾರ್ಟರ್, ನೈಂಟಿ. ಒಂದು ಪ್ರಮಾಣವೆಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್ ಎಂದು ಹಿಡಿದರೆ, ಶೇ. 42.8ರಷ್ಟು ಆಲ್ಕೋಹಾಲ್ ಇರುವ ವಿಸ್ಕಿ ಅಥವಾ ರಮ್ಮಿನ 30 ಮಿಲಿ ಲೀಟರು ಒಂದು ಪ್ರಮಾಣ. 180 ಮಿಲಿ ಲೀಟರಿನ ಒಂದು ಕ್ವಾರ್ಟರು ಆರು. ಇನ್ನು ‘ಪ್ಯಾಕೆಟ್’ ಎಂಬ ಪದವಿತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಲಾಸ್ಟಿಕ್ ಪ್ಯಾಕೆಟಿನ ಸಾರಾಯಿ ಅಂಗಡಿಗಳಿಂದ ಮಾಯವಾಯಿತು. ಅದಕ್ಕೆ ಮುಂಚಿನ ‘ದಿನಕ್ಕೆ ನಾಲ್ಕು ಪ್ಯಾಕೆಟ್’ ಎಂಬಂಥ ಮಾತು ಇಂದಿನ ಯುವ ವೈದ್ಯನಿಗೆ ವಿವರಣೆ ಬೇಡುವ ಪದ. ಕುಡಿತದ ಕಡತ ಹೀಗೆ ಅಬಕಾರಿ ಇಲಾಖೆಯ ಚರಿತ್ರೆಯನ್ನೂ ತನಗರಿವಿಲ್ಲದೆ ಬರೆದುಕೊಳ್ಳುತ್ತದೆ.

ಎರಡನೆಯ ಪ್ರಶ್ನೆ, ‘ಮಾಹಿತಿ ಕೊಟ್ಟವರು ಯಾರು?’ ನಮ್ಮಲ್ಲಿ ರೋಗಿ ಒಬ್ಬನೇ ಆಸ್ಪತ್ರೆಗೆ ಬರುವುದು ಕಡಿಮೆ. ಹೆಂಡತಿ, ತಾಯಿ, ಅಣ್ಣ ಯಾರಾದರೂ ಜೊತೆಗಿರುತ್ತಾರೆ. ಹಾಗಾಗಿ ಕಡತದಲ್ಲಿ ಎರಡು ಕಥೆಗಳು. ‘ಹಬ್ಬಕ್ಕೋ ಹುಣ್ಣಿಮೆಗೋ ಸ್ನೇಹಿತರ ಜೊತೆ’ ಎಂದು ಆತ. ‘ಕಣ್ಣು ಬಿಟ್ಟರೆ ಅದೇ, ಮಾಂಗಲ್ಯದ ಸರವನ್ನೂ ಅಡವಿಟ್ಟಿದ್ದಾರೆ’ ಎಂದು ಆಕೆ. ಬರೆಯುವವರು ಎರಡನ್ನೂ ಬರೆದು, ಹೇಳಿದವರ ಮಾತು ಎಷ್ಟು ವಿಶ್ವಾಸಾರ್ಹ ಎಂದೂ ನಮೂದಿಸಬೇಕು. ಹೆಂಡತಿ ಹೇಳಿದ್ದೇ ನಿಜವೆಂದು ಯಾವಾಗಲೂ ಅಲ್ಲ. ಆದರೆ ಹೊಡೆತ ತಿಂದವಳು ಬಾಯಿಬಿಟ್ಟು ಹೇಳಿದ್ದು ಕಾಗದಕ್ಕಿಳಿದು, ಆ ಕಾಗದ ಒಂದು ದಿನ ಹೊಡೆದವನ ಕೈಗೇ ಸಿಕ್ಕರೆ? ಕಡತ ಯಾರದು ಎಂಬ ಪ್ರಶ್ನೆ ಇಲ್ಲಿ ಬರಿಯ ಕಾನೂನಿನ ಜಿಜ್ಞಾಸೆಯಾಗಿ ಉಳಿಯುವುದಿಲ್ಲ.

ದಾಖಲೆಯೇ ಬೇಡವೆಂದವರೂ ಇದ್ದಾರೆ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ ಸೇರಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹೆಸರಿನಲ್ಲೇ ಅನಾಮಧೇಯತೆಯಿದೆ. ಬೆಂಗಳೂರಿನಲ್ಲೂ ಅದರ ಸಭೆಗಳು ನಡೆಯುತ್ತವೆ. ಪೂರ್ತಿ ಹೆಸರು ಹೇಳಬೇಕಿಲ್ಲ, ಸದಸ್ಯತ್ವದ ಪಟ್ಟಿಯಿಲ್ಲ, ಚಿಕಿತ್ಸೆಯ ಕಡತವಿಲ್ಲ. ಇದಕ್ಕೆ ತದ್ವಿರುದ್ಧ ನಮ್ಮ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನ ಕಲ್ಯಾಣಮಂಟಪದಲ್ಲೋ ಶಾಲೆಯಲ್ಲೋ ಎಂಟು ದಿನ ವಾಸ. ಊರ ಪ್ರಮುಖರ ಸಮಿತಿ. ಇಷ್ಟನೆಯ ಶಿಬಿರವೆಂದು ರಾಜ್ಯಮಟ್ಟದ ಕ್ರಮಸಂಖ್ಯೆ. ಬಿಟ್ಟವರಿಗೆ ನವಜೀವನ ಸಮಿತಿ, ಸಮಾವೇಶದಲ್ಲಿ ಅಭಿನಂದನೆ. ಅಲ್ಲಿ ಹೆಸರು ಮುಚ್ಚಿಡುವುದಲ್ಲ, ಊರೆಲ್ಲರ ಮುಂದೆ ಹೇಳುವುದೇ ಔಷಧ. ಹೇಗೂ ಊರಿಗೆಲ್ಲ ಗೊತ್ತಿರುವ ಕುಡಿತವನ್ನು ಊರೆದುರಿಗೇ ಬಿಡುವುದರಲ್ಲಿ ಒಂದು ನ್ಯಾಯವಿದೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ, ಪಕ್ಕದ ಮನೆಯವರಿಗೂ ತಿಳಿಯದಂತೆ ಕುಡಿಯುವ ಬ್ಯಾಂಕ್ ನೌಕರನಿಗೆ ಅದು ಹೊಂದೀತೇ ಎಂಬುದು ಬೇರೆ ಮಾತು.

ಕಾನೂನು ಈ ಎರಡು ತುದಿಗಳ ನಡುವೆ ದಾರಿ ಹುಡುಕಿತು. ಅಮೆರಿಕದವರು 1970 ಮತ್ತು 1972ರ ಕಾಯ್ದೆಗಳ ಮೂಲಕ ವ್ಯಸನ ಚಿಕಿತ್ಸೆಯ ಕಡತಗಳಿಗೆ ಉಳಿದ ವೈದ್ಯಕೀಯ ಕಡತಗಳಿಗಿಂತ ಬಿಗಿಯಾದ ಬೀಗ ಹಾಕಿದರು. ಪೊಲೀಸರು ಕಡತ ತೆಗೆದು ನೋಡುವಂತಿದ್ದರೆ ಹೆರಾಯಿನ್ ವ್ಯಸನಿ ಆಸ್ಪತ್ರೆಯ ಬಾಗಿಲಿಗೇ ಬರುವುದಿಲ್ಲ ಎಂಬುದು ಅವರ ತರ್ಕ. ನಮ್ಮ ಶಾಸನಕರ್ತರು ಹಿಡಿದ ದಾರಿ ಬೇರೆ. 1985ರ ಮಾದಕವಸ್ತು ಕಾಯ್ದೆಗೆ 1989ರಲ್ಲಿ 64-ಎ ಎಂಬ ಕಲಮನ್ನು ಸೇರಿಸಲಾಯಿತು. ತಾನಾಗಿ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕಾಗಿ ಮೊಕದ್ದಮೆಯಿಂದ ರಕ್ಷಣೆ ಉಂಟು. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ರಕ್ಷಣೆ ಹಿಂತೆಗೆಯಬಹುದು. ಪೂರ್ತಿ ಮಾಡಿದನೋ ಇಲ್ಲವೋ ತಿಳಿಯುವುದು ಹೇಗೆ? ಕಡತದಿಂದಲೇ! ಅಮೆರಿಕದಲ್ಲಿ ಕಡತ ಪೊಲೀಸರಿಂದ ಅಡಗಿರುವುದು ರಕ್ಷಣೆಯಾದರೆ, ಇಲ್ಲಿ ಕಡತವನ್ನು ಎತ್ತಿ ತೋರಿಸುವುದೇ ರಕ್ಷಣೆ. ಹದಿನೆಂಟನೆಯ ದಿನ ಹೇಳದೆ ಕೇಳದೆ ಹೊರಟುಹೋದ ಹುಡುಗನ ಹೆಸರಿನ ಎದುರು ‘ಮಧ್ಯದಲ್ಲಿಯೇ ಬಿಟ್ಟಿದ್ದಾರೆ’ ಎಂದು ಬರೆಯುವ ಸಮಾಲೋಚಕನ ಲೇಖನಿಗೆ ಎಷ್ಟು ಭಾರವಿದೆಯೆಂದು ಇದರಿಂದ ಊಹಿಸಬಹುದು.

1987ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವ್ಯಸನಿಗಳಿಗೆ ಪ್ರತ್ಯೇಕ ಆಸ್ಪತ್ರೆಗಳ ಮಾತಾಡಿತು, ಪರವಾನಗಿಯನ್ನು ಕಡ್ಡಾಯ ಮಾಡಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಮದ್ಯ ಮತ್ತು ಮಾದಕಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೇ ತಂದಿತು. ಆದ್ದರಿಂದ ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಮನೆ ಜೆ.ಪಿ. ನಗರದ ಯಾವ ಅಡ್ಡರಸ್ತೆಯಲ್ಲಿದ್ದರೂ ನೋಂದಾಯಿಸಬೇಕು, ದಾಖಲೆ ಇಡಬೇಕು.

ಇದರ ಮಹತ್ವ ತಿಳಿಯಬೇಕಾದರೆ ದಾಖಲೆಯೇ ಇಲ್ಲದ ಮನೆಯನ್ನು ಊಹಿಸಿಕೊಳ್ಳಬೇಕು. ಮನೆಯವರು ಬೇಸತ್ತು ಫೋನು ಮಾಡುತ್ತಾರೆ. ರಾತ್ರಿ ವಾಹನ ಬಂದು ಮಗನನ್ನು ಎತ್ತಿಕೊಂಡು ಹೋಗುತ್ತದೆ. ಆತ ಒಪ್ಪಿದನೇ? ವೈದ್ಯರು ನೋಡಿದರೇ? ಕೈ ಕಟ್ಟಿದರೇ, ಎಷ್ಟು ಹೊತ್ತು? ಯಾವ ಕಾಗದದಲ್ಲೂ ಇಲ್ಲ. ಮೂರನೆಯ ರಾತ್ರಿ ಏನಾದರೂ ಹೆಚ್ಚುಕಡಿಮೆಯಾದರೆ, ಏನಾಯಿತೆಂದು ಹೇಳಲು ಉಳಿಯುವುದು ಆ ಮನೆಯವರ ಬಾಯಿಮಾತು ಮಾತ್ರ. ಹೊಸ ಕಾಯ್ದೆ ಈ ಒಂದೊಂದು ಪ್ರಶ್ನೆಗೂ ಬರಹದ ಉತ್ತರ ಕೇಳುತ್ತದೆ. ರೋಗಿಯ ಸ್ವಂತ ಒಪ್ಪಿಗೆಯಿಲ್ಲದೆ, ಆತ ನಿರ್ಧಾರ ಮಾಡುವ ಸ್ಥಿತಿಯಲ್ಲಿಲ್ಲವೆಂದು ದಾಖಲು ಮಾಡಿಕೊಂಡರೆ ಏಳು ದಿನದೊಳಗೆ, ಹೆಂಗಸರು ಮತ್ತು ಅಪ್ರಾಪ್ತರಾದರೆ ಮೂರು ದಿನದೊಳಗೆ, ಪುನರವಲೋಕನ ಮಂಡಳಿಗೆ ತಿಳಿಸಬೇಕು. ಕಟ್ಟಿಹಾಕುವ ಪ್ರಸಂಗ ಬಂದರೆ ವಿಧಾನ, ಕಾರಣ, ಅವಧಿಗಳನ್ನು ಆಗಿಂದಾಗಲೇ ಬರೆದು, ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳಿಸಬೇಕು. ಇಲ್ಲಿಯೂ ‘ಕಾರಣ’ ಎಂಬ ಕಾಲಂ ಇದೆ. ಆದರೆ 1892ರಲ್ಲಿ ಕಾರಣ ಕೇಳಿದ್ದು ರೋಗಿಯ ನಡತೆಗೆ, ಈಗ ಕೇಳುವುದು ಆಸ್ಪತ್ರೆಯ ನಡತೆಗೆ. ಈ ವಿಷಯದ ಇಡೀ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಬದಲಾವಣೆ ಇದೇ ಎಂದು ನನ್ನ ಅನಿಸಿಕೆ. ಎಲ್ಲ ಮನೆಗಳೂ ಹೀಗೆ ನಡೆದುಕೊಳ್ಳುತ್ತವೆಯೆಂದು ಇದರರ್ಥವಲ್ಲ. ಕೇಳುವ ಹಕ್ಕು ಈಗ ರೋಗಿಗಿದೆ ಎಂದಷ್ಟೇ.

ತನ್ನ ಕಡತವನ್ನು ತಾನೇ ನೋಡುವ ಹಕ್ಕೂ ಸಿಕ್ಕಿದೆ. 2018ರ ನಿಯಮಗಳ ಪ್ರಕಾರ ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ ಹದಿನೈದು ದಿನದೊಳಗೆ ಮೂಲ ವೈದ್ಯಕೀಯ ದಾಖಲೆಯ ಪ್ರತಿ ಕೊಡಬೇಕು. ಹಾಗಾದರೆ ಆ ಹೆಂಡತಿಯ ಮಾತು? ಕಾಯ್ದೆ ಬರೆದವರು ಇದನ್ನು ಮರೆತಿಲ್ಲ. ತಿಳಿಸಿದರೆ ರೋಗಿಗೆ ಗಂಭೀರ ಮಾನಸಿಕ ಹಾನಿಯಾಗುವ, ಇಲ್ಲವೇ ಬೇರೊಬ್ಬರಿಗೆ ಅಪಾಯವಾಗುವ ಸಂಭವವಿದ್ದರೆ ಆ ಭಾಗವನ್ನಷ್ಟೇ ತಡೆಹಿಡಿಯಬಹುದು. ತಡೆಹಿಡಿದಿದ್ದೇವೆಂದು ಹೇಳಬೇಕು, ಮಂಡಳಿಗೆ ದೂರು ಕೊಡುವ ಅವಕಾಶವಿದೆಯೆಂದೂ ಹೇಳಬೇಕು.

ಕಷ್ಟವಿರುವುದು ಮನೆಯವರ ವಿಷಯದಲ್ಲಿ. ದುಡ್ಡು ಕಟ್ಟುವವರು ಅಪ್ಪ, ಊಟ ತರುವವಳು ಅಮ್ಮ. ‘ನಮ್ಮ ಹುಡುಗ ಏನು ಹೇಳಿದ ಸಾರ್?’ ಎಂದು ಸಮಾಲೋಚಕರನ್ನು ವರಾಂಡದಲ್ಲಿ ನಿಲ್ಲಿಸಿ ಕೇಳುವುದು ಅವರಿಗೆ ಸಹಜ ಹಕ್ಕೆಂದೇ ತೋರುತ್ತದೆ. ಪಾಶ್ಚಾತ್ಯರಂತೆ ‘ಅದು ಗೋಪ್ಯ’ ಎಂದು ಬಾಗಿಲು ಮುಚ್ಚಿದರೆ ನಮ್ಮಲ್ಲಿ ಚಿಕಿತ್ಸೆಯೇ ಮುರಿದುಬೀಳಬಹುದು, ಏಕೆಂದರೆ ಬಿಡುಗಡೆಯ ನಂತರ ಅವನನ್ನು ಕಾಯುವವರು ಅವರೇ. ಹುಡುಗ ನಂಬಿ ಹೇಳಿದ್ದನ್ನೆಲ್ಲ ಒಪ್ಪಿಸಿದರೆ ಆತ ಮತ್ತೊಮ್ಮೆ ಬಾಯಿ ಬಿಡುವುದಿಲ್ಲ. ಆರೈಕೆಗೆ ಅಗತ್ಯವಾದಷ್ಟನ್ನು ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಎಷ್ಟು ಅಗತ್ಯ ಎಂಬುದನ್ನು ಮಾತ್ರ ಆ ವರಾಂಡದಲ್ಲಿಯೇ ತೀರ್ಮಾನಿಸಬೇಕು.

ಈಗ ಕಾಗದದ ಕಾಲವೂ ಮುಗಿಯುತ್ತಿದೆ. 2020ರಲ್ಲಿ ಕರ್ನಾಟಕ ಸರ್ಕಾರ ‘ಇ-ಮನಸ್’ ಎಂಬ ಗಣಕ ವ್ಯವಸ್ಥೆಯನ್ನು ಆರಂಭಿಸಿತು. ಇದೇ ಹೊಸೂರು ರಸ್ತೆಯ ಮುಂದಿನ ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಐಐಟಿ ಮತ್ತು ನಿಮ್ಹಾನ್ಸ್ ಜೊತೆಗೂಡಿ ರೂಪಿಸಿದ ವ್ಯವಸ್ಥೆಯಿದು. ರಾಜ್ಯದ ಮಾನಸಿಕ ಆರೋಗ್ಯ ಕೇಂದ್ರಗಳ ನೋಂದಣಿ, ತಜ್ಞರ ಪಟ್ಟಿ, ರೋಗಿಯ ದಾಖಲೆ ಎಲ್ಲವನ್ನೂ ಅಂತರ್ಜಾಲಕ್ಕೆ ತರುವುದು ಉದ್ದೇಶ. ನೋಂದಣಿಯಿಲ್ಲದ ಮನೆಯನ್ನು ಪತ್ತೆಹಚ್ಚಲು ಇಂಥದ್ದು ಬೇಕು. ರಾಯಚೂರಿನಲ್ಲಿ ಬರೆಸಿದ ಕಡತ ಬೆಂಗಳೂರಿನಲ್ಲಿ ತೆರೆಯುವಂತಿದ್ದರೆ, ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳುವ ಅವಮಾನವೂ ತಪ್ಪುತ್ತದೆ. ಆದರೆ ಹಳೆಯ ಕಡತವನ್ನು ಕದಿಯಬೇಕಾದರೆ ಒಬ್ಬ ಕಳ್ಳ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ನುಗ್ಗಿ, ಧೂಳು ಕುಡಿದು, ಸಾವಿರಾರು ಕಟ್ಟುಗಳಲ್ಲಿ ಒಂದನ್ನು ಹುಡುಕಬೇಕಿತ್ತು. ಆ ಧೂಳೂ ಒಂದು ಬಗೆಯ ಕಾವಲಾಗಿತ್ತು. 2017ರ ಕಾಯ್ದೆ ಗಣಕದಲ್ಲಿರುವ ಮಾಹಿತಿಗೂ ಗೋಪ್ಯತೆಯ ನಿಯಮ ಅನ್ವಯಿಸುತ್ತದೆಂದು ಸ್ಪಷ್ಟವಾಗಿ ಹೇಳಿದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ 2023ರಲ್ಲಿ ಮತ್ತೊಂದು ಕಾಯ್ದೆಯೂ ಆಗಿದೆ.

ಇಷ್ಟಾದರೂ, ಬಿಡುಗಡೆಯ ದಿನ ಕೇಂದ್ರದ ಕೌಂಟರಿನ ಮುಂದೆ ನಿಂತವನ ಚಿಂತೆ ಗಣಕದ್ದಲ್ಲ, ರಜೆ ಚೀಟಿಯದು. ಒಂದು ತಿಂಗಳು ಎಲ್ಲಿದ್ದೆನೆಂದು ಕಚೇರಿಗೆ ಏನು ಕೊಡಲಿ? ಬಿಡುಗಡೆ ಪತ್ರದಲ್ಲಿ ರೋಗದ ಹೆಸರಿನ ಬದಲು ವಿಶ್ವ ಆರೋಗ್ಯ ಸಂಸ್ಥೆಯ ಸಂಕೇತ ಬರೆಯುವುದುಂಟು. ಹಿಂದಿನ ಪಟ್ಟಿಯಲ್ಲಿ ಮದ್ಯಾವಲಂಬನೆಗೆ ಎಫ್ 10.2, ಹೊಸದರಲ್ಲಿ 6ಸಿ40.2. ಒಂದು ಕಾಲಕ್ಕೆ ಇದು ಗುಮಾಸ್ತರ ಕಣ್ಣಿಗೆ ಬರೀ ಅಂಕಿ. ಈಗ ಫೋನಿನಲ್ಲಿ ಒತ್ತಿದರೆ ಅರ್ಥ ಎದುರಿಗೆ ಬಂದು ನಿಲ್ಲುತ್ತದೆ. ರೋಗಿಯ ಮಾಹಿತಿಯನ್ನು ಯಾರುಯಾರಿಗೆ ಕೊಡಬಹುದೆಂದು ಕಾಯ್ದೆಯ 23ನೆಯ ಕಲಮು ಹೇಳುತ್ತದೆ: ನಾಮನಿರ್ದೇಶಿತ ಪ್ರತಿನಿಧಿಗೆ, ಚಿಕಿತ್ಸೆ ನೀಡುವ ಇತರ ವೃತ್ತಿಪರರಿಗೆ, ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಿಂಸೆಯಾಗದಂತೆ ತಡೆಯಬೇಕಾದಾಗ, ಮಂಡಳಿಯ ಅಥವಾ ನ್ಯಾಯಾಲಯದ ಆದೇಶ ಬಂದಾಗ, ಸಾರ್ವಜನಿಕ ಸುರಕ್ಷತೆಗೆ ಬೇಕಾದಾಗ. ಈ ಪಟ್ಟಿಯಲ್ಲಿ ಕೆಲಸ ಕೊಟ್ಟ ಧಣಿಯ ಹೆಸರಿಲ್ಲ.